ಸಹಾಯ ಬೇಕು: ರೆಕ್ಸಿನ್ ಬ್ಯಾಗ್ ಮೇಲೆ ಅಕ್ಷರ ನಿಲ್ತಿಲ್ಲ

2025ರ ಜುಲೈನಲ್ಲಿ ನಟಿ, ಗಾಯಕಿ ಜೇನ್ ಬರ್ಕಿನ್ ಅವರ ಹಳೇ ಹರ್ಮೆಸ್ (ಫ್ರಾನ್ಸಿನ ದುಬಾರಿ ಬ್ರ್ಯಾಂಡ್) ಬ್ಯಾಗ್ ಪ್ಯಾರಿಸ್‌ನಲ್ಲಿ 86 ಲಕ್ಷ ಯೂರೋಗೆ ಹರಾಜಾಯ್ತಲ್ಲ, ಅದರ ಮೇಲಿದ್ದ 'ಜೆ.ಬಿ.' ಅಕ್ಷರ ನೋಡಿದಾಗಿಂದ ನನ್ನ ತಂಗಿಗೆ ಅದೇ ಹುಚ್ಚು. ಬರೋ ಭಾನುವಾರ ಅವಳ ನಿಶ್ಚಿತಾರ್ಥ. ಆ ಬರ್ಕಿನ್ ಬ್ಯಾಗ್ ನಮಗೆಲ್ಲಿ ಎಟುಕತ್ತೆ, ಕಮರ್ಷಿಯಲ್ ಸ್ಟ್ರೀಟಲ್ಲಿ ಒಂದು ಕೆಂಪು ರೆಕ್ಸಿನ್ ಬ್ಯಾಗ್ ತಂದೆ. ಅಕ್ಷರ ಒತ್ತಿಸೋಕೆ ಚಿಕ್ಕಪೇಟೆಗೆ ಹೋದ್ರೆ, "ಇದು ಚರ್ಮ ಅಲ್ಲಕ್ಕಾ, ಬಿಸಿ ಅಚ್ಚು ಇಟ್ರೆ ಕರಗತ್ತೆ" ಅಂದ್ರು. ಸರಿ ಅಂತ ನಾನೇ ಅಕ್ರಿಲಿಕ್ ಬಣ್ಣದಲ್ಲಿ ಬರೆದೆ. ಒಣಗಿದ್ಮೇಲೆ ಸ್ವಲ್ಪ ಬಗ್ಗಿಸಿದೆ ನೋಡಿ, 'ಎಸ್' ಹಪ್ಪಳದ ಥರ ಎದ್ದು ಬಂತು! ಮೊದಲು ಅಸಿಟೋನ್‌ನಲ್ಲಿ (ನೇಲ್ ಪಾಲಿಶ್ ತೆಗೆಯೋ ದ್ರವ) ಒರೆಸಿ ಅಂತ ವಿಡಿಯೋದಲ್ಲಿ ಹೇಳ್ತಾರೆ, ಆದ್ರೆ ಅದು ಚರ್ಮಕ್ಕೆ. ರೆಕ್ಸಿನ್‌ಗೆ ಹಚ್ಚೋಕೆ ಕೈ ಬರ್ತಿಲ್ಲ. ರೆಕ್ಸಿನ್ ಮೇಲೆ ನಿಲ್ಲೋ ಬಣ್ಣ ಯಾವುದು? ಇಲ್ಲಾ ಜಯನಗರ, ಮಲ್ಲೇಶ್ವರದ ಕಡೆ ಎರಡು ದಿನದಲ್ಲಿ ಬರೆದುಕೊಡೋರು ಯಾರಾದ್ರೂ ಇದ್ದಾರಾ?