ಅಮ್ಮನಿಗೆ ದಿನಾ ಅಶ್ವಗಂಧ, ಅಮೃತಬಳ್ಳಿ ಪುಡಿ ಕೊಡಬಹುದಾ?

ವಿದ್ಯಾನಗರದ ಮಗಳು (ಹಾಸನ)

ಅಮ್ಮನಿಗೆ 58 ವರ್ಷ. ಥೈರಾಯ್ಡ್ ಕಮ್ಮಿ ಇದೆ ಅಂತ ದಿನಾ ಬೆಳಿಗ್ಗೆ ಮಾತ್ರೆ ತಗೊಳ್ಳುತ್ತಾರೆ. ಬಿಪಿಗೂ ಒಂದು ಇದೆ. ಈಚೆಗೆ ಸುಸ್ತು ಜಾಸ್ತಿ ಅನ್ನುತ್ತಾರೆ. ಚಿಕ್ಕಮ್ಮ ಬೆಂಗಳೂರಿಂದ ಮೂರು ಡಬ್ಬಿ ಕಳಿಸಿದ್ದಾರೆ: ಅಶ್ವಗಂಧ, ಅಮೃತಬಳ್ಳಿ, ಜ್ಯೇಷ್ಠಮಧು. ರಾತ್ರಿ ಹಾಲಿಗೆ ಒಂದು, ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು, ಕಷಾಯಕ್ಕೆ ಒಂದು ಅಂತೆ. "ನಾಟಿ ಔಷಧ ತಾನೇ, ಏನೂ ಆಗಲ್ಲ" ಅನ್ನುವುದು ಅವರ ವಾದ. ನಿಮ್ಮ ಮನೆಗಳಲ್ಲಿ ಏನು ಮಾಡುತ್ತೀರಿ?

ತೋಟದಮನೆ ಅತ್ತಿಗೆ (ಮೂಡಿಗೆರೆ)

ಡಬ್ಬಿ ಮುಚ್ಚಿಡಿ, ಮೊದಲು ಇದನ್ನು ಓದಿ.

ನಾನು ಗಿಡಮೂಲಿಕೆ ಬೇಡ ಅನ್ನುವವಳಲ್ಲ. ನಮ್ಮ ಹಿತ್ತಲಲ್ಲಿ ದೊಡ್ಡಪತ್ರೆ, ತುಳಸಿ, ಒಂದೆಲಗ, ಬೇಲಿ ಮೇಲೆ ಅಮೃತಬಳ್ಳಿ, ಎಲ್ಲಾ ಇದೆ. ಮಳೆಗಾಲ ಬಂತೆಂದರೆ ಕಷಾಯದ ಪುಡಿ ಹುರಿಯುವುದೇ ಕೆಲಸ. ಆದರೆ ಅತ್ತೆ ಯಾವತ್ತೂ ಯಾವ ಸೊಪ್ಪನ್ನೂ ವರ್ಷಪೂರ್ತಿ ದಿನಾ ಕೊಟ್ಟವರಲ್ಲ. ಒಂದೆಲಗ ವಾರಕ್ಕೆ ಒಂದೋ ಎರಡೋ ಸಲ, ಅದೂ ಊಟಕ್ಕೆ. ಸೋಮವಾರಪೇಟೆ ಕಡೆ ನನ್ನ ತವರಲ್ಲಿ ಮದ್ದುಸೊಪ್ಪಿನ ಪಾಯಸ ಕೊಡವರ ಕಕ್ಕಡ ತಿಂಗಳ 18ಕ್ಕೆ ಮಾತ್ರ, ಅಂದರೆ ಆಗಸ್ಟ್ ಮೊದಲ ವಾರ. ಕುಡಿದ ಮೇಲೆ ಮೂತ್ರ ಕೆಂಪಗಾಗುತ್ತದೆ, ಹೊಸಬರು ಹೆದರಿ ಫೋನ್ ಮಾಡುತ್ತಾರೆ!

ಅಮ್ಮನಿಗೆ ತಂಬುಳಿ ಮಾಡಿಕೊಡಿ. ಒಂದು ಹಿಡಿ ಒಂದೆಲಗ, ಬೇರಿನ ಮಣ್ಣು ಹೋಗುವವರೆಗೆ ಮೂರ್ನಾಲ್ಕು ನೀರಲ್ಲಿ ತೊಳೆಯಿರಿ. ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಸೊಪ್ಪು ಹಾಕಿ ಬಾಡಿಸಿ. ಬಣ್ಣ ಕಪ್ಪಗಾಗುವ ಮೊದಲೇ ಇಳಿಸಬೇಕು. ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆ, ಉಪ್ಪು ಬೆರೆಸಿ, ಮೇಲೊಂದು ಸಾಸಿವೆ ಒಗ್ಗರಣೆ. ಮತ್ತೆ ಒಲೆ ಮೇಲೆ ಇಡಬೇಡಿ, ಒಡೆದು ಹೋಗುತ್ತದೆ. ಇದರಿಂದ ಸುಸ್ತು ಹೋಗುತ್ತದೆ ಅಂತ ನಾನು ಹೇಳಲ್ಲ. ಬಾಯಿಗೆ ರುಚಿ, ಎರಡು ತುತ್ತು ಜಾಸ್ತಿ ಹೋಗುತ್ತದೆ, ಅಷ್ಟೇ.

ಸೊಪ್ಪು ಎಲ್ಲಿಂದ ಕೀಳುತ್ತೀರಿ ಅನ್ನುವುದೂ ಮುಖ್ಯ. ಹಾಸನದ ಸುತ್ತ ಶುಂಠಿ ಹೊಲದ ಬದುಗಳಲ್ಲಿ ಒಂದೆಲಗ ಸೊಗಸಾಗಿ ಹಬ್ಬಿರುತ್ತದೆ. ಅದನ್ನು ಮುಟ್ಟಬೇಡಿ. ಶುಂಠಿಗೆ ಹೊಡೆಯುವ ಔಷಧ ನೋಡಿದವರಿಗೆ ಗೊತ್ತು.

ಗ್ರಂಧಿಗೆ ಅಂಗಡಿ ಹುಡುಗ

ಮಾರುವವನೇ ಹೇಳುತ್ತಿದ್ದೇನೆ, ಪುಡಿ ಬೇಡ. ಪುಡಿಯಲ್ಲಿ ಏನು ಬೆರೆತಿದೆ ಅಂತ ನನಗೂ ಕಣ್ಣಲ್ಲಿ ಗೊತ್ತಾಗಲ್ಲ. ಅಶ್ವಗಂಧ ಬೇಕಾದರೆ ಬೇರೇ ಕೇಳಿ. ಮುರಿದರೆ ಪಟ್ಟನೆ ಮುರಿಯಬೇಕು, ಒಳಗೆ ಬೆಳ್ಳಗಿರಬೇಕು. ಅಮೃತಬಳ್ಳಿಯಂತೆಯೇ ಕಾಣುವ ಇನ್ನೊಂದು ಬಳ್ಳಿ ಇದೆ. ಅದರ ಕಾಂಡದ ತುಂಬ ಉಬ್ಬಿದ ಗಂಟುಗಳು. ನಮ್ಮದರ ಮೇಲೆ ಕಾಗದದಂಥ ತೆಳು ಸಿಪ್ಪೆ, ಉಗುರಲ್ಲಿ ಕೆರೆದರೆ ಕೆಳಗೆ ಹಸಿರು. ಪುಡಿ ಮಾಡಿದ ಮೇಲೆ ಎರಡೂ ಒಂದೇ.

ಮೆಡಿಕಲ್ ಕೌಂಟರ್

ಫಾರ್ಮಸಿಸ್ಟ್ ಆಗಿ ನಾಲ್ಕು ಮಾತು. ಈ ಮೂರರಲ್ಲಿ ಒಂದೊಂದಕ್ಕೂ ನಿಮ್ಮ ಅಮ್ಮನ ವಿಷಯದಲ್ಲಿ ಒಂದೊಂದು ತಕರಾರು ಇದೆ.

ಜ್ಯೇಷ್ಠಮಧು ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಅವರ ಬಿಪಿ ಮಾತ್ರೆ ಮೂತ್ರ ಜಾಸ್ತಿ ಮಾಡುವ ಜಾತಿಯದಾದರೆ ಪೊಟ್ಯಾಸಿಯಂ ಇನ್ನೂ ಕೆಳಗೆ. ಗಂಟಲು ಕೆರೆತಕ್ಕೆ ಒಂದು ಚೂರು ಚೀಪಿದರೆ ಪರವಾಗಿಲ್ಲ, ದಿನಾ ಕಷಾಯ ಬೇಡ. ಅಶ್ವಗಂಧ ಕೆಲವರಲ್ಲಿ ಥೈರಾಯ್ಡ್ ಹಾರ್ಮೋನು ಏರಿಸುತ್ತದೆ. ಮೇಲೆ ಮಾತ್ರೆಯೂ ಸೇರಿದರೆ ಎದೆ ಡವಡವ, ನಿದ್ದೆ ಇಲ್ಲ. ಆಗ ಡೋಸ್ ಲೆಕ್ಕವೇ ತಪ್ಪುತ್ತದೆ.

ಅಮೃತಬಳ್ಳಿ ಬಗ್ಗೆ ಜಗಳ ಇದೆ. ಕೊರೊನಾ ಕಾಲದಲ್ಲಿ ಅದನ್ನು ಕುಡಿದ ಆರು ಜನರಿಗೆ ಲಿವರ್ ಊದಿದ್ದನ್ನು ಮುಂಬೈ ಡಾಕ್ಟರುಗಳು 2021ರಲ್ಲಿ ಬರೆದರು. ಒಳಗೇ ಅಡಗಿದ್ದ ಆಟೋಇಮ್ಯೂನ್ ತೊಂದರೆಯನ್ನು (ಮೈಯ ರೋಗನಿರೋಧಕ ಶಕ್ತಿಯೇ ಮೈ ಮೇಲೆ ತಿರುಗಿಬೀಳುವುದು) ಇದು ಎಬ್ಬಿಸಿರಬಹುದು ಅಂತ ಅವರ ಅನುಮಾನ. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಬಳ್ಳಿ ಯಾವುದು ಅಂತಲೇ ಸರಿಯಾಗಿ ಗುರುತಿಸಿಲ್ಲ ಎಂದಿತು. ಆದರೆ ಥೈರಾಯ್ಡ್ ಕಮ್ಮಿ ಆಗುವುದೂ ಎಷ್ಟೋ ಸಲ ಆಟೋಇಮ್ಯೂನ್ ಕಾರಣದಿಂದಲೇ. ಹಾಗಾಗಿ ನಾನಾದರೆ ಅಮ್ಮನಿಗೆ ಕೊಡುತ್ತಿರಲಿಲ್ಲ. ಕಣ್ಣು ಹಳದಿ, ಮೂತ್ರ ಕಡುಹಳದಿ ಕಂಡರೆ ತಡ ಮಾಡಬಾರದು.

ಅಂದಹಾಗೆ, ಸುಸ್ತಿಗೆ ಮೊದಲು ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಬಿ12, ಶುಗರ್ ನೋಡಿಸಿ. ಥೈರಾಯ್ಡ್ ಮಾತ್ರೆ ತಗೊಂಡ ತಕ್ಷಣ ಕಾಫಿ ಕುಡಿಯುತ್ತಾರಾ ಅಂತಲೂ ಕೇಳಿ.

ವಿದ್ಯಾನಗರದ ಮಗಳು

ಕುಡಿಯುತ್ತಾರೆ! ಮಾತ್ರೆ ಬಾಯಲ್ಲಿ, ಲೋಟ ಕೈಯಲ್ಲಿ.

ಮೆಡಿಕಲ್ ಕೌಂಟರ್

ಅದೇ ನೋಡಿ. ಕಾಫಿ ಜೊತೆ ಹೋದರೆ ಮಾತ್ರೆ ಪೂರ್ತಿ ಮೈಗೆ ಹತ್ತಲ್ಲ. ಬರೀ ನೀರಲ್ಲಿ ನುಂಗಿ, ಒಂದು ಗಂಟೆ ಬಿಟ್ಟು ಕಾಫಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ದೂರ.

ತೋಟದಮನೆ ಅತ್ತಿಗೆ (ಮೂಡಿಗೆರೆ)

ಹಾಸನದವರಿಗೆ ಒಂದು ಗಂಟೆ ಕಾಫಿ ಇಲ್ಲದೆ ಇರಿ ಅನ್ನುವುದು ದೊಡ್ಡ ಪಥ್ಯವೇ ಬಿಡಿ. ಮೂಲಿಕೆ ಬೇಕೇ ಬೇಕು ಅಂತ ಅಮ್ಮ ಹಟ ಹಿಡಿದರೆ ತಣ್ಣೀರುಹಳ್ಳದ ಆಯುರ್ವೇದ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮಾತ್ರೆ ಚೀಟಿಯನ್ನೂ ಡಬ್ಬಿಗಳನ್ನೂ ಜೊತೆಗೇ ತೋರಿಸಿ. ಚಿಕ್ಕಮ್ಮನಿಗೆ ನಾನೇ ಬೇಕಾದರೆ ಫೋನ್ ಮಾಡುತ್ತೇನೆ.

ವಿದ್ಯಾನಗರದ ಮಗಳು

ಸೋಮವಾರ ರಕ್ತ ಕೊಟ್ಟು ಬರುತ್ತೇವೆ. ಒಂದೆಲಗ ಕುಂಡದಲ್ಲಿ ಬರುತ್ತದಾ? ನಮ್ಮದು ಎರಡನೇ ಮಹಡಿ, ಬಿಸಿಲು ಬೆಳಿಗ್ಗೆ ಮಾತ್ರ.

ತೋಟದಮನೆ ಅತ್ತಿಗೆ (ಮೂಡಿಗೆರೆ)

ಬೆಳಗಿನ ಬಿಸಿಲು ಧಾರಾಳ. ಅಗಲ ಬಾಯಿಯ ತಟ್ಟೆಕುಂಡ ಇಡಿ, ಮಣ್ಣು ಒಣಗಲು ಬಿಡಬೇಡಿ. ಬೇರು ಬಿಟ್ಟ ಹಂಬು ಎರಡು ಸಾಕು, ಮಳೆಗಾಲದಲ್ಲಿ ತಾನೇ ಹಬ್ಬುತ್ತದೆ.