ಕಡಲಿನ ಮಣಿಸರ: ಅಲೆ ಅಲೆಯಾಗಿಯೇ ಕಾಣಬೇಕಾದರೆ ಹೇಗೆ ಪೋಣಿಸಬೇಕು?

ಪ್ರಶ್ನೆ

ಕಡಲನ್ನು ನೆನಪಿಸುವ ಏಳೆಳೆಯ ಸರ ಮಾಡುತ್ತಿದ್ದೇನೆ, ಉದ್ದ 45 ಸೆಂ.ಮೀ. 11/0 ಅಳತೆಯ (ಸುಮಾರು 2 ಮಿ.ಮೀ. ದಪ್ಪದ) ನೀಲಿ, ಹಸಿರು, ಬಿಳಿ ಗಾಜಿನ ಮಣಿ ಇವೆ. ನಡುನಡುವೆ ಸ್ಟಾರ್‌ಫಿಶ್, ಶಂಖದ ಲೋಹದ ಪದಕ ಹಾಕಿದರೆ ಫ್ಯಾನ್ಸಿ ಸ್ಟೋರಿನ ಸರದ ಹಾಗೇ ಕಾಣುತ್ತದೆ. ಎಳೆಗಳು ಕುತ್ತಿಗೆಯಲ್ಲಿ ಮುದ್ದೆಯಾಗುತ್ತವೆ, ನೈಲಾನ್ ದಾರ ತಿಂಗಳೊಳಗೆ ತುಂಡಾಗುತ್ತದೆ. ಮಲ್ಪೆ ದಡದಲ್ಲಿ ಹೆಕ್ಕಿದ ಚಿಪ್ಪುಗಳಿವೆ, ತೂತು ಕೊರೆಯಲು ಹೋದರೆ ಒಡೆಯುತ್ತವೆ. ಗೊತ್ತಿದ್ದವರು ದಯವಿಟ್ಟು ಅಳತೆ ಸಮೇತ ತಿಳಿಸಿ.

ಉಡುಪಿಯಿಂದ

ಮೊದಲು ಪದಕಗಳನ್ನು ತೆಗೆದಿಡಿ. ಅವು ಇರುವ ತನಕ ಕಣ್ಣು ಅಲ್ಲೇ ನಿಲ್ಲುತ್ತದೆ, ಮಣಿಯ ಕೆಲಸ ಕಾಣುವುದೇ ಇಲ್ಲ.

ಆಮೇಲೆ ಯಾವ ಕಡಲು, ಯಾವ ತಿಂಗಳಿನದು ಅಂತ ನಿರ್ಧರಿಸಿ. ಅಂಗಡಿಯಲ್ಲಿ "ಸೀ ಮಿಕ್ಸ್" ಅಂತ ಕೊಡುವ ಪೊಟ್ಟಣದ ತಿಳಿನೀಲಿ ಮಾಲ್ಡೀವ್ಸಿನ ಫೋಟೊದ ಬಣ್ಣ. ನಮ್ಮ ಕಡೆಯ ನೀರು ಜನವರಿಯಲ್ಲಿ ಬೂದು ಬೆರೆತ ಹಸಿರು. ಮಳೆಗಾಲದಲ್ಲಿ ಹೊಳೆಯ ಕೆಂಪುಮಣ್ಣು ಸೇರಿ ಕಂದು, ಅದರ ಮೇಲೆ ಮಾಸಿದ ಬಿಳಿ ನೊರೆ. ಸೇಂಟ್ ಮೇರೀಸ್ ದ್ವೀಪವನ್ನೇ ಆರಿಸಿಕೊಂಡರೆ ಕಂಬಗಲ್ಲುಗಳ ಕಪ್ಪು-ಬೂದು, ಅವುಗಳ ಸಂದಿಯಲ್ಲಿ ಚಿಪ್ಪಿನ ಪುಡಿಯ ಬಿಳಿ. ಈ ಕಲ್ಲಿಗೆ ಆರು ಮುಖದ ಮ್ಯಾಟ್ (ಹೊಳಪಿಲ್ಲದ) ಮಣಿ ಚೆನ್ನಾಗಿ ಒಪ್ಪುತ್ತದೆ, ಕಂಬಗಳಲ್ಲೂ ಹೆಚ್ಚಿನವು ಆರು ಮುಖದವೇ.

ಜನವರಿಯ ಕಡಲು ಅಂದುಕೊಂಡು ಲೆಕ್ಕ ಕೊಡುತ್ತೇನೆ. 11/0 ಮಣಿ ಇಂಚಿಗೆ ಸುಮಾರು 18 ಕೂರುತ್ತದೆ. 45 ಸೆಂ.ಮೀ. ಎಳೆಗೆ 320ರ ಆಸುಪಾಸು, ಏಳೆಳೆಗೆ ಸುಮಾರು 2,250. 10 ಗ್ರಾಂನಲ್ಲಿ 1,100 ಮಣಿ ಬರುವುದರಿಂದ 20-21 ಗ್ರಾಂ ಸಾಕು. ವಕ್ರ ಮಣಿ, ತೂತು ಮುಚ್ಚಿದ ಮಣಿ ತೆಗೆದು ಹಾಕಬೇಕಾಗುತ್ತದೆ, ಹಾಗಾಗಿ 28 ಗ್ರಾಂ ತನ್ನಿ: ಪಾರದರ್ಶಕ ಕಡುಹಸಿರು 8, ಮ್ಯಾಟ್ ಬೂದುಹಸಿರು 6, ಒಳಗೆ ಬಣ್ಣ ತುಂಬಿದ ತಿಳಿಹಸಿರು 5, ಮರಳಿನ ಬಣ್ಣ 4, ಬಿಳಿ 3, ಕಂದು 2. ಬಿಳಿಯಲ್ಲೇ ಮೂರು ಬಗೆ ಇರಲಿ: ಸುಣ್ಣದಂಥ ಮ್ಯಾಟ್, ಮುತ್ತಿನ ಹೊಳಪಿನದು, ಬಣ್ಣವಿಲ್ಲದ ಗಾಜು. ಒಂದೇ ಬಗೆಯ ಬಿಳಿ ಹಾಕಿದರೆ ನೊರೆ ಕಾಣುವುದಿಲ್ಲ, ಪಟ್ಟಿ ಎಳೆದ ಹಾಗೆ ಕಾಣುತ್ತದೆ.

ಒಂದು ಬಣ್ಣದಿಂದ ಇನ್ನೊಂದಕ್ಕೆ ಒಮ್ಮೆಲೇ ಹಾರಬೇಡಿ. ಮೂರು ಬಟ್ಟಲು ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಕಡುಹಸಿರು ಮೂರು ಪಾಲು, ಬೂದುಹಸಿರು ಒಂದು ಪಾಲು, ಎರಡನೆಯದರಲ್ಲಿ ಸಮಸಮ, ಮೂರನೆಯದರಲ್ಲಿ ಒಂದಕ್ಕೆ ಮೂರು. ಪ್ರತಿ ಬಟ್ಟಲಿನಿಂದ 18 ಮಣಿ ಪೋಣಿಸಿ ಮುಂದಕ್ಕೆ ಹೋಗಿ. ಸೂಜಿಗೆ ಸಿಕ್ಕ ಮಣಿಯನ್ನೇ ತೆಗೆದುಕೊಳ್ಳಬೇಕು. ಒಂದೇ ಬಣ್ಣದ ಮೂರು ಒಟ್ಟಿಗೆ ಬಂತು ಅಂತ ಸರಿಪಡಿಸಲು ಹೋದರೆ ಚೌಕಳಿ ಬಟ್ಟೆಯಂತಾಗುತ್ತದೆ.

ಅಲೆಯ ಆಕಾರ ಬರುವುದು ಬಿಳಿಯ ಜಾಗದಿಂದ. ಏಳೂ ಎಳೆಯಲ್ಲಿ ಬಿಳಿ ಒಂದೇ ಕಡೆ ಬಂದರೆ ಅಡ್ಡಗೆರೆ. ಮೊದಲ ಎಳೆಯಲ್ಲಿ ಬಿಳಿಯನ್ನು ಸರದ ನಡುಮಧ್ಯದಲ್ಲಿಟ್ಟು, ಮುಂದಿನವುಗಳಲ್ಲಿ ನಡುವಿನಿಂದ ಬಲಕ್ಕೆ 1, 2, 2.5, 2, 1 ಸೆಂ.ಮೀ. ಸರಿಸಿ, ಏಳನೆಯದರಲ್ಲಿ ಮತ್ತೆ ನಡುವಿಗೆ ತನ್ನಿ. ದೂರದಿಂದ ನೋಡಿದಾಗ ನೊರೆ ಬಾಗಿ ಬಂದಂತೆ ಕಾಣುತ್ತದೆ.

ಬೆಂಗಳೂರಿನಿಂದ

ಮೇಲಿನದಕ್ಕೆ ಒಂದು ಮಾತು ಸೇರಿಸಬೇಕು. ಪಾರದರ್ಶಕ ಮಣಿಯನ್ನು ಬಿಳಿ ತಟ್ಟೆಯಲ್ಲಿಟ್ಟು ಆರಿಸಬೇಡಿ. ನಮ್ಮ ಗೋಧಿ, ಕಪ್ಪು ಮೈಬಣ್ಣದ ಮೇಲೆ ಅದು ಎರಡು ಛಾಯೆ ಕಪ್ಪಾಗಿ ಮಂಕಾಗುತ್ತದೆ. ಹತ್ತು ಮಣಿ ಪೋಣಿಸಿ ಮುಂಗೈ ಮೇಲಿಟ್ಟು ಕಿಟಕಿ ಬೆಳಕಿನಲ್ಲಿ ನೋಡಿ. ಒಳಗೆ ಬಣ್ಣ ತುಂಬಿದ ಮಣಿ ಹೀಗೆ ಮಂಕಾಗುವುದಿಲ್ಲ. ದಾರದ ಬಣ್ಣವೂ ಒಳಗಿಂದ ಕಾಣುತ್ತದೆ: ಬಿಳಿ ದಾರ ಹಾಕಿದರೆ ತಿಳಿನೀರು, ಬೂದು ದಾರ ಹಾಕಿದರೆ ಅದೇ ಮಣಿ ಆಳದ ನೀರು.

ಬಣ್ಣ ನಿಲ್ಲುತ್ತದೋ ಇಲ್ಲವೋ ಕೊಳ್ಳುವ ಮುಂಚೆ ಪರೀಕ್ಷಿಸಿ. ಚಿಕ್ಕಪೇಟೆ, ರಾಜಾ ಮಾರ್ಕೆಟ್ ಸುತ್ತ ತೂಕದಲ್ಲಿ ಸಿಗುವ ಮಣಿಗಳಲ್ಲಿ ಮೇಲೆ ಬಣ್ಣ ಬಳಿದವು ಬಹಳ. ಮೊದಲು ಚಿಕ್ಕ ಪೊಟ್ಟಣ ತಂದು, ಹತ್ತು ಮಣಿಯನ್ನು ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರಿನಲ್ಲಿ ಅದ್ದಿದ ಹತ್ತಿಯಲ್ಲಿ ಎರಡು ನಿಮಿಷ ಉಜ್ಜಿ. ಹತ್ತಿಗೆ ಬಣ್ಣ ಹತ್ತಿದರೆ ಬಿಟ್ಟುಬಿಡಿ. ಇನ್ನು ಹತ್ತನ್ನು ಅರ್ಧ ಫಾಯಿಲ್ ಮುಚ್ಚಿ ಹದಿನೈದು ದಿನ ಬಿಸಿಲಿಗಿಡಿ, ಬಿಚ್ಚಿ ಎರಡೂ ಭಾಗ ಹೋಲಿಸಿ. ಲೋಹದ ಲೇಪ ಇರುವವು ಬೆವರಿಗೆ ಬೇಗ ಸೋಲುತ್ತವೆ. ಕುತ್ತಿಗೆಯ ಹಿಂಭಾಗದಲ್ಲಿ ಅವು ಬೇಡವೇ ಬೇಡ.

ದಾರದ ವಿಷಯ: ಒಂಟಿ ಎಳೆಯ ನೈಲಾನ್ ಬಿಸಿಲು, ಸೆಂಟು, ಬೆವರಿಗೆ ಪೆಡಸಾಗುತ್ತದೆ, ಗಂಟಿನ ಬುಡದಲ್ಲಿ ಮುರಿಯುತ್ತದೆ. ಗೇರ್ ವೈರ್ (ಪ್ಲಾಸ್ಟಿಕ್ ಹೊದಿಕೆಯ ಸಣ್ಣ ಸ್ಟೀಲ್ ತಂತಿ) ಹಾಕಿ, 0.38 ಮಿ.ಮೀ., ಎಳೆಗೆ 60 ಸೆಂ.ಮೀ. ಕತ್ತರಿಸಿ. ತುದಿಗೆ 2 ಮಿ.ಮೀ. ಗೇರ್ ಲಾಕ್, ಅಂದರೆ ಇಕ್ಕಳದಲ್ಲಿ ಒತ್ತಿ ವೈರ್ ಹಿಡಿಸುವ ಲೋಹದ ಮಣಿ. ಒತ್ತುವ ಮುಂಚೆ ಸರವನ್ನು ಕುತ್ತಿಗೆಯ ಆಕಾರಕ್ಕೆ ಬಾಗಿಸಿ, 2-3 ಮಿ.ಮೀ. ಸಡಿಲ ಬಿಡಿ. ನೆಟ್ಟಗೆ ಇಟ್ಟು ಬಿಗಿಯಾಗಿ ಒತ್ತಿದ ಸರ ಬಳೆಯ ಹಾಗೆ ಸೆಟೆದು ನಿಲ್ಲುತ್ತದೆ.

ಮಂಗಳೂರಿನಿಂದ

ಒಂಟಿ ಎಳೆಗೆ ಗೇರ್ ವೈರ್ ಸರಿ. ಏಳೆಳೆಗೆ ನಾನು ಒಪ್ಪುವುದಿಲ್ಲ. ಅಷ್ಟು ಸಣ್ಣ ಮಣಿಯ ತೂಕಕ್ಕೆ ವೈರ್ ಬಾಗುವುದಿಲ್ಲ, ಎಳೆಗಳು ಒಂದರಿಂದೊಂದು ದೂರ ನಿಲ್ಲುತ್ತವೆ. ಗಾಳದ ಸಾಮಾನಿನ ಅಂಗಡಿಯಲ್ಲಿ ಸಿಗುವ ಹೆಣೆದ ಪಿ.ಇ. (ಪಾಲಿಎಥಿಲೀನ್) ದಾರ ತನ್ನಿ, 0.15 ಮಿ.ಮೀ. ಆಸುಪಾಸಿನದು, ಬಿಳಿ ಅಥವಾ ಬೂದು. ಬಣ್ಣಬಣ್ಣದ್ದು ಬೇಡ, ಬಣ್ಣ ಬಿಡುತ್ತದೆ. 12ನೇ ನಂಬರಿನ ಮಣಿಸೂಜಿ ಇದಕ್ಕೆ ಸಾಕು. ಈ ದಾರ ನುಣುಪು, ಒಂದು ಗಂಟು ಜಾರುತ್ತದೆ. ಮೂರು ಕಡೆ ಎರಡೆರಡು ಗಂಟು ಹಾಕಿ, ನಡುನಡುವೆ ಎಂಟು-ಹತ್ತು ಮಣಿಯೊಳಗೆ ದಾರ ಹಿಂದಕ್ಕೆ ಹಾಯಿಸಿ ಕತ್ತರಿಸಿ. ಪೈಪ್ ಮಣಿ (ಕೊಳವೆಯಂಥ ಉದ್ದ ಗಾಜಿನ ಮಣಿ) ಬಳಸುವುದಿದ್ದರೆ ಎರಡೂ ತುದಿಗೆ ಒಂದೊಂದು 11/0 ಇಡಿ. ಅದರ ಬಾಯಿ ಬ್ಲೇಡಿನಷ್ಟು ಚೂಪು, ಎಂಥ ದಾರವನ್ನೂ ಕುಯ್ಯುತ್ತದೆ.

ಕೊಕ್ಕೆ, ಜಂಪ್ ರಿಂಗ್ (ಬಾಯಿ ಬಿಡಿಸಿ ಮುಚ್ಚುವ ಸಣ್ಣ ಉಂಗುರ) ಸ್ಟೀಲಿನದೇ ಆಗಲಿ. ಕರಾವಳಿಯ ಉಪ್ಪುಗಾಳಿಗೆ ಲೇಪ ಹಾಕಿದ ಹಿತ್ತಾಳೆ ಹಸಿರು ಕಿಲುಬು ಹಿಡಿಯುತ್ತದೆ, ಪಕ್ಕದ ಬಿಳಿ ಮಣಿಗೂ ಅದರ ಕಲೆ ಹತ್ತುತ್ತದೆ.

ಕಾರವಾರದಿಂದ

ಚಿಪ್ಪು ಒಡೆಯುವುದಕ್ಕೆ ಎರಡು ಕಾರಣ: ಒಣಗಿಸಿ ಕೊರೆಯುವುದು, ಒತ್ತಿ ಕೊರೆಯುವುದು. ತಟ್ಟೆಯಲ್ಲಿ ಹಳೆಯ ಮರದ ತುಂಡಿಟ್ಟು, ಅದರ ಮೇಲೆ ಚಿಪ್ಪಿಟ್ಟು, ಮುಳುಗುವಷ್ಟು ನೀರು ಹಾಕಿ. 1 ಮಿ.ಮೀ. ಡೈಮಂಡ್ ಬಿಟ್, ಬ್ಯಾಟರಿಯ ಸಣ್ಣ ಡ್ರಿಲ್, ಕಡಿಮೆ ವೇಗ. ಕರೆಂಟಿನ ಡ್ರಿಲ್ ನೀರಿನ ಹತ್ತಿರ ತರಬೇಡಿ. ಚಿಪ್ಪಿನ ಒಳಮೈಯಿಂದ ಶುರುಮಾಡಿ, ಅಂಚಿನಿಂದ ಕನಿಷ್ಠ 3 ಮಿ.ಮೀ. ಒಳಗೆ. ಕೈಯ ಭಾರ ಹಾಕದೆ ಕೊರೆದು, ಐದು ಸೆಕೆಂಡಿಗೊಮ್ಮೆ ಎತ್ತಿ ಪುಡಿ ಹೊರಬರಲು ಬಿಡಿ. ಒಣ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಇರಲೇಬೇಕು. ತೂತಿನೊಳಗೆ ದಾರ ನೇರ ಹಾಕದೆ ಜಂಪ್ ರಿಂಗ್ ಹಾಕಿ ತೂಗಿಬಿಡಿ.

ತೊಳೆಯಲು ಹುಣಸೆಹಣ್ಣು, ನಿಂಬೆ, ವಿನೆಗರ್ ಮುಟ್ಟಿಸಬೇಡಿ. ಹಿತ್ತಾಳೆ ಪಾತ್ರೆಯಂತೆ ಬೆಳಗುತ್ತದೆ ಅಂದುಕೊಂಡು ಹಚ್ಚುವವರಿದ್ದಾರೆ. ಚಿಪ್ಪು ಸುಣ್ಣದ ವಸ್ತು, ಹುಳಿ ಬಿದ್ದರೆ ಮೇಲ್ಮೈ ಕರಗಿ ಹೊಳಪು ಹೋಗುತ್ತದೆ. ಸೋಪುನೀರು, ಹಳೆಯ ಟೂತ್ ಬ್ರಷ್, ಒಣಗಿದ ಮೇಲೆ ಒಂದು ಹನಿ ಬೇಬಿ ಆಯಿಲ್, ಅಷ್ಟೇ.

ಇನ್ನೊಂದು ಮಾತನ್ನು ಎಲ್ಲರೂ ಗಮನಿಸಿ. ಒಳಗೆ ಜೀವ ಇರುವ ಚಿಪ್ಪು ಹೆಕ್ಕಬೇಡಿ. ದಡಕ್ಕೆ ಬಂದ ಹವಳದ ದಿಬ್ಬದ ತುಂಡು, ಬೀಸಣಿಗೆಯಂತೆ ಹರಡಿದ ಕಡಲ ಬೀಸಣಿಗೆ, ಕಡಲಕುದುರೆ ಇವು ಸತ್ತಿದ್ದರೂ ಮುಟ್ಟುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇವನ್ನು ಕಾಪಾಡುತ್ತದೆ. ಆ ಆಕಾರ ಬೇಕಿದ್ದರೆ ಮಣಿಯಲ್ಲೇ ಕಟ್ಟಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಹವಳದ ಕವಲನ್ನು ಮಣಿಯಲ್ಲಿ ಕಟ್ಟುವುದು ಹೇಗೆ? ನೊರೆಯ ಅಂಚು ಸುರುಳಿ ಸುರುಳಿಯಾಗಿ ಬರುವ ಹೆಣಿಗೆಯನ್ನೂ ತಿಳಿಸುವಿರಾ?

ಮಂಗಳೂರಿನಿಂದ

ಕವಲು ಸುಲಭ. ಬುಡದಿಂದ ದಾರ ಹೊರಟ ಮೇಲೆ 20 ಮಣಿ ಪೋಣಿಸಿ. ಕೊನೆಯ ಮಣಿ ಬಿಟ್ಟು, ಅದರ ಹಿಂದಿನ 5 ಮಣಿಯಲ್ಲಿ ಸೂಜಿ ವಾಪಸ್ ತನ್ನಿ. ಅಲ್ಲಿ ಹೊರಬಂದು ಹೊಸದಾಗಿ 5 ಪೋಣಿಸಿ, ಕೊನೆಯದು ಬಿಟ್ಟು 4ರಲ್ಲಿ ವಾಪಸ್. ಮೊದಲ ಕವಲು ಆಯಿತು. ಕಾಂಡದ ಮುಂದಿನ 5 ಮಣಿ ದಾಟಿ 4 ಪೋಣಿಸಿ, ಕೊನೆಯದು ಬಿಟ್ಟು 3ರಲ್ಲಿ ವಾಪಸ್. ಉಳಿದ 9ರಲ್ಲಿ ಹಾದು ಬುಡಕ್ಕೆ ಬನ್ನಿ. ಪ್ರತಿ ಕವಲು ಮುಗಿದಾಗ ತುದಿಯ ಮಣಿಯನ್ನು ಬೆರಳಲ್ಲಿ ಹಿಡಿದು ದಾರ ಎಳೆಯಿರಿ. ಕೊನೆಯಲ್ಲಿ ಒಟ್ಟಿಗೆ ಎಳೆದರೆ ಸಡಿಲ ಒಳಗೇ ಉಳಿದು ದಾರ ಕಾಣುತ್ತದೆ. ಇಂಥ ಏಳೆಂಟು ಕವಲು ಒಂದೇ ಬದಿಗೆ ಇರಲಿ. ಎರಡೂ ಬದಿಗೆ ಹಾಕಿದರೆ ತೋರಣವಾಗುತ್ತದೆ.

ನೊರೆಗೆ ಪೆಯೋಟೆ ಹೆಣಿಗೆ, ಅಂದರೆ ಹಿಂದಿನ ಸಾಲಿನ ಸಂದಿಗಳಲ್ಲಿ ಮಣಿ ಕೂರಿಸುತ್ತ ಹೋಗುವುದು. 11/0ರ 100 ಮಣಿ ಪೋಣಿಸಿ, ಅದು ಸುಮಾರು 14 ಸೆಂ.ಮೀ. ಹಿಂದಿರುಗಿ ಬರುವಾಗ ಒಂದು ಮಣಿ ಬಿಟ್ಟು ಒಂದಕ್ಕೆ ಹೊಸ ಮಣಿ ಸೇರಿಸುತ್ತ ಹೋದರೆ 50 ಸಂದಿ ಸಿಗುತ್ತವೆ. ಮುಂದಿನ ಸಾಲಿನಲ್ಲಿ ಪ್ರತಿ ಸಂದಿಗೆ 15/0 ಅಳತೆಯ (11/0ಕ್ಕಿಂತ ಸಣ್ಣ) ಎರಡೆರಡು ಮಣಿ. ಅದರ ಮುಂದಿನ ಸಾಲಿನಲ್ಲಿ ಆ ಎರಡನ್ನು ಬಿಡಿಸಿ, ಎಲ್ಲ ಮಣಿಗಳ ನಡುವೆಯೂ ಒಂದೊಂದು. ಸಂದಿಗಳು ಹೆಚ್ಚುಕಮ್ಮಿ ಎರಡರಷ್ಟಾದವು, ಉದ್ದ ಅಷ್ಟೇ ಇದೆ, ಹಾಗಾಗಿ ಅಂಚು ತಾನಾಗಿ ನೆರಿಗೆ ಬೀಳುತ್ತದೆ. ಹೀಗೆ ಒಮ್ಮೆ ಮಾತ್ರ ಹೆಚ್ಚಿಸಿ. ಎರಡನೇ ಸಲ ಹೆಚ್ಚಿಸಿದರೆ ಹೂಕೋಸಿನಂತೆ ಗಂಟಾಗುತ್ತದೆ. ದಾರ ತೀರಾ ಬಿಗಿಯಾದರೆ ನೆರಿಗೆ ಏಳದೆ ದೋಣಿಯಂತೆ ಮುಚ್ಚಿಕೊಳ್ಳುತ್ತದೆ.

ಉಡುಪಿಯಿಂದ

ಎಳೆಗಳು ಮುದ್ದೆಯಾಗುವ ವಿಷಯ ಹಾಗೇ ಉಳಿಯಿತು. ಏಳೂ ಒಂದೇ ಉದ್ದ ಇರುವುದೇ ಅದಕ್ಕೆ ಕಾರಣ. ಒಳಗಿನದು 45 ಸೆಂ.ಮೀ. ಇದ್ದರೆ ಮುಂದಿನದು 45.7, 46.4, ಹೀಗೆ 7 ಮಿ.ಮೀ. ಹೆಚ್ಚುತ್ತ ಹೋಗಲಿ, ಎಳೆಗೆ ಐದು ಮಣಿ ಜಾಸ್ತಿ. ತುದಿಗೆ ಒಂದೇ ರಿಂಗ್ ಸಾಲದು, ಏಳು ತೂತಿನ ಪತ್ತಿ (ಎಳೆಗೊಂದು ತೂತಿರುವ ಪಟ್ಟಿ) ಹಾಕಿ. ಹೊಸ ಎಳೆಯನ್ನು ಕೊನೆಯ ಗಂಟಿಗೆ ಮುಂಚೆ ಒಂದು ರಾತ್ರಿ ಮೊಳೆಗೆ ನೇತುಹಾಕಿ. ಮಣಿಗಳು ಕೂತು ಎರಡು-ಮೂರು ಮಿ.ಮೀ. ಸಡಿಲ ಬರುತ್ತದೆ, ಬೆಳಗ್ಗೆ ಅದನ್ನು ಎಳೆದುಕೊಂಡು ಗಂಟು ಹಾಕಿ.