ಮೂರು ಸಾವಿರ ಡಾಲರಿನ ಕ್ರಾಸ್‌ಬೋ ಕೊಳ್ಳಲೇ?

ಪ್ರಶ್ನೆ: ಅಮೆರಿಕದ ಓಹಾಯೋದಲ್ಲಿ ನನಗಿದು ಏಳನೆಯ ಜಿಂಕೆ ಬೇಟೆಯ ಋತು. ಈಗಿರುವ ಕ್ರಾಸ್‌ಬೋ (ಬಂದೂಕಿನಂತೆ ಹಿಡಿದು ಟ್ರಿಗರ್ ಒತ್ತಿ ಹೊಡೆಯುವ ಬಿಲ್ಲು) ಬಾಣವನ್ನು ಸೆಕೆಂಡಿಗೆ 400 ಅಡಿ ವೇಗದಲ್ಲಿ ಬಿಡುತ್ತದೆ. ಟೆನ್‌ಪಾಯಿಂಟ್ ನೈಟ್ರೋ 505 ಎಂಬ ಕ್ರಾಸ್‌ಬೋ ಹಿಡಿದು ನೋಡಿದಾಗಿನಿಂದ ಮನಸ್ಸು ಅಲ್ಲೇ ನೆಟ್ಟಿದೆ. ಅದರ ವೇಗ 505 ಅಡಿ, ಬೆಲೆ ಮೂರು ಸಾವಿರ ಡಾಲರಿನ ಆಸುಪಾಸು. ಮರದ ಅಟ್ಟಣೆಯಿಂದ 30 ಗಜದಾಚೆ ನಾನು ಎಂದೂ ಹೊಡೆದವನಲ್ಲ.

ಉತ್ತರ 1: ಮೂವತ್ತು ಗಜ ಎಂದರೆ 90 ಅಡಿ. ನಿಮ್ಮ ಬಾಣಕ್ಕೆ ಸುಮಾರು 0.23 ಸೆಕೆಂಡ್ ಬೇಕು, ಹೊಸದಕ್ಕೆ 0.18. ಹೆದೆಯ ಸದ್ದು 0.08 ಸೆಕೆಂಡಿನಲ್ಲೇ ಜಿಂಕೆಯ ಕಿವಿ ಮುಟ್ಟಿರುತ್ತದೆ! ಎರಡರಲ್ಲೂ ಸದ್ದೇ ಮುಂದೆ. ಬೆಚ್ಚಿದ ಜಿಂಕೆ ಮೈ ಕುಗ್ಗಿಸಿದರೆ ಗುರಿ ತಪ್ಪಿ ಪ್ರಾಣಿ ಗಾಯಗೊಂಡು ನರಳುತ್ತದೆ. ನಿಶ್ಚಿಂತೆಯಾಗಿ ಮೇಯುತ್ತಿರುವ ಜಿಂಕೆಗೆ 25 ಗಜದೊಳಗೆ ಹೊಡೆಯಿರಿ, ಸಾಕು.

ಉತ್ತರ 2: ವೇಗ ಬಿಡಿ, ಸರ್. ಭುಜದ ಶಸ್ತ್ರಚಿಕಿತ್ಸೆಯಾದ ಮೇಲೆ ನಾನು ದುಬಾರಿಯದನ್ನೇ ಕೊಂಡೆ. ಹಿಡಿಕೆ ತಿರುಗಿಸಿದರೆ ಹೆದೆ ಏರುತ್ತದೆ. ಸಂಜೆ ಬಾಣ ಬಿಡದೆಯೇ ಹೆದೆ ಇಳಿಸಬಹುದು. ನಿಮ್ಮ ತೋಳು ಗಟ್ಟಿಯಿದ್ದರೆ ಆ ಹಣ ಉಳಿಸಿ.

ಪ್ರಶ್ನೆ ಕೇಳಿದವರು: ತೋಳು ಗಟ್ಟಿಯಾಗಿಯೇ ಇದೆ. ಹಳೆಯದಕ್ಕೆ ಹೊಸ ಹೆದೆ ಹಾಕಿಸಿ, ಸ್ವಲ್ಪ ಭಾರದ ಬಾಣಗಳನ್ನು ತರುತ್ತೇನೆ. ಶನಿವಾರದಿಂದ ಅಭ್ಯಾಸ.